ಕಾಶಿಯಲ್ಲಿ ಬಿಟ್ಟ ಸಿನಿಮಾ

ಕಾಶಿಗೆ ಹೋದವರು ಅಲ್ಲಿ ಏನಾದರೂ ಒಂದನ್ನು ಬಿಟ್ಟು ಬರಬೇಕು. ನಮ್ಮ ಮಾವ ಹಾಗಲಕಾಯಿ ಬಿಟ್ಟರು. ಅದನ್ನು ಅವರು ಅದಕ್ಕೂ ಮೊದಲು ತಿಂದವರೇನಲ್ಲ. ಅಲ್ಲಿಯ ಪುರೋಹಿತ ಪಂಡಾ ಕೇಳಿದ ಕೂಡಲೇ, ರೈಲಿನಲ್ಲೇ ಯೋಚಿಸಿ ಇಟ್ಟುಕೊಂಡವರ ಹಾಗೆ ಹೇಳಿಬಿಟ್ಟರಂತೆ. ನಮ್ಮ ಅತ್ತೆ ಸಿನಿಮಾ ಬಿಟ್ಟರು.

ಪಂಡಾನಿಗೆ ಇದು ಸರಿ ಬರಲಿಲ್ಲ. ಹಣ್ಣು ಬಿಡಿ, ಇಲ್ಲವೇ ಕಾಯಿಪಲ್ಲೆ ಬಿಡಿ, ರೂಢಿ ಇರುವುದೇ ಹಾಗೆ ಎಂದ. ಅತ್ತೆ ತಮಗೆ ಗೊತ್ತಿದ್ದ ಹೈದರಾಬಾದಿನ ಹಿಂದಿಯಲ್ಲಿ, “ಮೇರೆಕು ಯೆಹೀಚ್ ಛೋಡ್ನಾ” ಅಂದರು, ಬಿಡುವುದಿದ್ದರೆ ಇದನ್ನೇ ಎಂದು. ಹಿಂದೆ ಇನ್ನೂ ನಲವತ್ತು ಜನ ಒದ್ದೆ ಬಟ್ಟೆಯಲ್ಲಿ ನಿಂತಿದ್ದರು. ಪಂಡಾ ನೀರು ಬಿಡಿಸಿ ಮುಂದಿನವರನ್ನು ಕರೆದ.

ಆಗ ನಾನು ಹೈದರಾಬಾದಿನ ಸನತ್‌ನಗರದ ಈ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷ. ಅತ್ತೆ ಸಿನಿಮಾ ಬಿಟ್ಟರು ಎಂದು ಕೇಳಿದಾಗ, ಮಾವನ ಹಾಗಲಕಾಯಿಯ ಹಾಗೆ ಇದೂ ಒಂದು ಎಂದುಕೊಂಡೆ. ಅವರು ಸಿನಿಮಾಕ್ಕೆ ಹೋದದ್ದನ್ನು ನಾನು ಕಂಡಿರಲಿಲ್ಲ. ಬೇಡವಾದದ್ದನ್ನು ಬಿಟ್ಟಿದ್ದಾರೆ, ಬಿಡಲಿ. ಹೀಗೆ ಮೂವತ್ತು ವರ್ಷ ತಪ್ಪು ತಿಳಿದುಕೊಂಡಿದ್ದೆ.

ಕಾಶಿಯಿಂದ ಬಂದ ವಾರದಲ್ಲೇ ಮನೆಯಲ್ಲಿ ಒಂದು ತಕರಾರು ಎದ್ದಿತು. ಟೀವಿಯ ಧಾರಾವಾಹಿ ಸಿನಿಮಾ ಹೌದೋ ಅಲ್ಲವೋ. ನಮ್ಮ ಯಜಮಾನರು ತೀರ್ಪು ಕೊಟ್ಟರು: ಸಿನಿಮಾಕ್ಕೆ ಕೊನೆ ಅಂತ ಒಂದು ಇರುತ್ತದೆ, ಧಾರಾವಾಹಿಗೆ ಇರುವುದಿಲ್ಲ, ಹಾಗಾಗಿ ಅದು ಸಿನಿಮಾ ಅಲ್ಲ. ಅತ್ತೆ ಒಪ್ಪಿದರು. ಗಾಳಿ ಸರಿಯಿದ್ದ ದಿನ ಕಲಬುರಗಿಯ ರೇಡಿಯೋ ಸಿಗುತ್ತಿತ್ತು. ಅದರಲ್ಲಿ ಒಮ್ಮೊಮ್ಮೆ ಇಡೀ ಸಿನಿಮಾದ ಧ್ವನಿಯನ್ನಷ್ಟೇ ಹಾಕುತ್ತಿದ್ದರು. ಅದು ಕಿವಿಯ ಸಂಗತಿ, ಕಣ್ಣಿನದಲ್ಲ ಎಂದು ಅದೂ ನಡೆಯಿತು. ಪರದೆಯ ಮೇಲೆ ಕಾಣುವ ಸಿನಿಮಾ ಬಂದರೆ ಮಾತ್ರ ಅತ್ತೆ ಎದ್ದು ಹೋಗಿ ತುಳಸಿಗೆ ನೀರು ಹಾಕುತ್ತಿದ್ದರು. ಮಾವ ತೀರಿಕೊಂಡರು, ತುಳಸಿ ಹಲವು ಸಲ ಕೊಳೆತುಹೋಯಿತು, ಅತ್ತೆ ವ್ರತ ಬಿಡಲಿಲ್ಲ.

ಹೋದ ವರ್ಷ ಯುಗಾದಿಗೆ ಇನ್ನೂ ಒಂದು ವಾರ ಇರುವಾಗ ಆ ನಟಿ ತೀರಿಕೊಂಡರು. ಹೆಸರು ಬೇಡ. ನನ್ನ ವಯಸ್ಸಿನವರಿಗೆ ಆಕೆ ಎಂದರೆ ತೆರೆಯ ಮೇಲಿನ ತಾಯಿ. ನಾನು ನೋಡಿದ ಸಿನಿಮಾಗಳಲ್ಲೆಲ್ಲ ಆಕೆಗೆ ತಲೆ ನರೆತಿತ್ತು, ಇಬ್ಬರು ಗಂಡುಮಕ್ಕಳಿದ್ದರು, ಅವರಲ್ಲಿ ಒಬ್ಬ ಪೊಲೀಸನಾಗಿರುತ್ತಿದ್ದ. ಒಂದರಲ್ಲಿ ದೇವಿಯಾಗಿ ಸಿಂಹದ ಪಕ್ಕ ನಿಂತಿದ್ದರು. ಸಿಂಹ ಕೊನೆಯವರೆಗೂ ಕದಲಲಿಲ್ಲ. ಟೀವಿಯವರು ದಿನವಿಡೀ ಮಮತಾಮಯಿ ಎಂದರು, ಸಂಜೆಗೆ ಇನ್ನೊಂದು ಮಾತು ಸೇರಿಸಿದರು: ಆಕೆ ಇಪ್ಪತ್ತರ ಹರೆಯದಲ್ಲಿ ನಟಿಸಿ ದೊಡ್ಡ ವಿವಾದ ಎಬ್ಬಿಸಿದ್ದ ಪ್ರೇಮಚಿತ್ರವನ್ನು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ತೋರಿಸುತ್ತೇವೆ.

ಅತ್ತೆ ಅಲ್ಲೇ ಕೂತು ಹತ್ತಿಯಿಂದ ಬತ್ತಿ ಹೊಸೆಯುತ್ತಿದ್ದರು. ಕೈ ನಿಂತಿತು.

“ಯಾವ ಸಿನಿಮಾ ಅಂದಾ ಅಂವಾ?”

ನಾನು ಹೆಸರು ಹೇಳಿದೆ.

“ಭಾನುವಾರ?”

“ಹೂಂ ರಿ ಅತ್ತಿ. ಎರಡಕ್ಕ.”

“ನೀ ನೋಡತೀಯೇನು?”

“ನೋಡಿದ್ರೂ ಆತು, ಬಿಟ್ಟರೂ ಆತು.”

“ನೋಡು,” ಅಂದರು. ಬತ್ತಿ ಹೊಸೆಯುವುದು ಮತ್ತೆ ಶುರುವಾಯಿತು. “ನೋಡಿ ನನಗ ಹೇಳು. ಎಲ್ಲಾ ಬ್ಯಾಡ. ಆಕಿ ಬಾಗಲಾ ತಗದ್ಲೋ ಇಲ್ಲೋ, ಅಷ್ಟ ಹೇಳು.”

ಯಾವ ಬಾಗಿಲು ಎಂದು ಕೇಳಿದ್ದಕ್ಕೆ ಉತ್ತರ ಬರಲು ಮೂರು ದಿನ ಹಿಡಿಯಿತು. ಅತ್ತೆ ಒಂದೇ ಸಲಕ್ಕೆ ಏನನ್ನೂ ಹೇಳುವವರಲ್ಲ. ಮೆಂತ್ಯದ ಸೊಪ್ಪು ಬಿಡಿಸುವಾಗ ಸ್ವಲ್ಪ, ಹಪ್ಪಳ ತಿರುವಿ ಹಾಕುವಾಗ ಸ್ವಲ್ಪ ಹೇಳಿದರು. ಅದನ್ನೆಲ್ಲ ಕೂಡಿಸಿ ಇಲ್ಲಿ ಬರೆಯುತ್ತೇನೆ.

ವಿಜಯಪುರ ಜಿಲ್ಲೆಯ ಒಂದು ಸಣ್ಣ ಊರು. ಅತ್ತೆಗೆ ಹದಿನೇಳು ವರ್ಷ, ಮದುವೆಯಾಗಿ ಐದು ತಿಂಗಳು. ಊರಾಚೆ ಟೂರಿಂಗ್ ಟಾಕೀಸಿನ ಡೇರೆ ಬಿದ್ದಿತ್ತು. ಆಗ ಈ ಸಿನಿಮಾ ಬಂತು. ಕಥೆ ಇಷ್ಟು: ಆಚಾರವಂತರ ಮನೆಯಲ್ಲಿ ಒಬ್ಬ ಹರೆಯದ ವಿಧವೆ. ಮನೆಯ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ರಿಪೇರಿಗೆ ಒಬ್ಬ ಬರುತ್ತಾನೆ. ರಿಪೇರಿ ಬೇಗ ಮುಗಿಯುವುದಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅವನು ಹೊರಗೆ ಕಾಯುತ್ತಿರುತ್ತಾನೆ, ಮನೆಯವರು ಮಲಗಿರುತ್ತಾರೆ, ಆಕೆ ಬಂದು ಬಾಗಿಲ ಚಿಲಕದ ಮೇಲೆ ಕೈ ಇಡುತ್ತಾಳೆ.

ಇದಕ್ಕೆ ಊರಲ್ಲಿ ಗದ್ದಲವಾಯಿತು. ಹಿರಿಯರು ಡೇರೆಯ ಮುಂದೆ ಅಡ್ಡ ಮಲಗಿದರು. ಮಲಗಿದವರಲ್ಲಿ ಮೂವರು ಹಿಂದಿನ ದಿನ ಟಿಕೀಟು ಕೊಂಡು ನೋಡಿ ಬಂದವರು. ನೋಡದೆ ವಿರೋಧಿಸುವುದು ಹೇಗೆ ಎಂಬುದು ಅವರ ಮಾತು. ಅವರಲ್ಲಿ ಅತ್ತೆಯ ಮಾವನೂ ಒಬ್ಬರು.

ಹಿರಿಯರು ಊಟಕ್ಕೆಂದು ಎದ್ದು ಹೋದ ಹೊತ್ತು ನೋಡಿ ಅತ್ತೆ ತಮ್ಮ ನಾದಿನಿಯನ್ನು ಕರೆದುಕೊಂಡು ಹೆಂಗಸರ ಆಟಕ್ಕೆ ಹೋದರು. ಮಾವ ಊಟಕ್ಕೆ ಹೋದದ್ದು ತಮ್ಮದೇ ಮನೆಗೆ, ಬಡಿಸಬೇಕಾದವಳು ತಾನೇ, ಎಂಬುದು ಡೇರೆಯೊಳಗೆ ಕೂತ ಮೇಲೆ ಅತ್ತೆಗೆ ಹೊಳೆಯಿತಂತೆ. ಅಷ್ಟರಲ್ಲಿ ಸಿನಿಮಾ ಶುರುವಾಗಿತ್ತು.

ಆ ಕಾಲಕ್ಕೆ ಡೇರೆಯೊಳಗಿದ್ದವರನ್ನು ಹೊರಗೆ ಕರೆಯಲು ಗಾಜಿನ ಸ್ಲೈಡಿನ ಮೇಲೆ ಬರೆದು ಪರದೆಗೆ ಬಿಡುತ್ತಿದ್ದರು. ಯಾರಿಗೋ ಹೆರಿಗೆ ನೋವು ಬಂದಿದೆ, ಯಾರದೋ ಎಮ್ಮೆ ಹಗ್ಗ ಹರಿದುಕೊಂಡಿದೆ, ಇಂಥವಕ್ಕೆ. ಪರದೆಯ ಮೇಲೆ ಆ ನಟಿಯ ಕೈ ಚಿಲಕದ ಮೇಲೆ ಬಂತು. ಆ ಕೈಯ ಮೇಲೆಯೇ ದಪ್ಪ ಅಕ್ಷರದಲ್ಲಿ ನಮ್ಮ ಮನೆತನದ ಹೆಸರು ಮೂಡಿತು. ಅದರ ಕೆಳಗೆ: ಇವರ ಮನೆಯ ಸೊಸೆ ಕೂಡಲೇ ಹೊರಗೆ ಬರತಕ್ಕದ್ದು.

ಹೆಂಗಸರೆಲ್ಲ ತಿರುಗಿ ನೋಡಿದರು. ಅತ್ತೆ ಎದ್ದರು. ನಾದಿನಿಯೂ ಎದ್ದಳು. ಉಸುಕಿನಲ್ಲಿ ಬಿಟ್ಟಿದ್ದ ಚಪ್ಪಲಿ ಕತ್ತಲೆಯಲ್ಲಿ ಅತ್ತೆಗೆ ಸಿಗಲಿಲ್ಲ. ನಾದಿನಿ ಶಾಣ್ಯಾಕಿ, ತನ್ನದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೇವಿನ ಗಿಡದ ಕೆಳಗೆ ಅತ್ತೆಯ ಮಾವ ನಿಂತಿದ್ದರು. ಅವರು ಮುಂದೆ, ಇವರಿಬ್ಬರು ಹಿಂದೆ, ಬಿಸಿಲಿನಲ್ಲಿ ಮನೆಯವರೆಗೆ ನಡೆದರು. ಮನೆಗೆ ಬಂದು ಮಾವ ಕೈಕಾಲು ತೊಳೆದು ಮಣೆಯ ಮೇಲೆ ಕೂತು, “ನೀಡು” ಅಂದರು. ಅಷ್ಟೇ. ಮರುದಿನ ಹೊಸ ಚಪ್ಪಲಿ ತಂದು ಹೊಸ್ತಿಲ ಹತ್ತಿರ ಇಟ್ಟು ಹೋದರು. ಆಗಲೂ ಮಾತಿಲ್ಲ.

“ಬೈದಿದ್ರ ಚೊಲೋ ಇತ್ತು,” ಅಂದರು ಅತ್ತೆ, ಹಪ್ಪಳ ತಿರುವುತ್ತ. “ಇಂದಿಗೂ ನನಗ ಗೊತ್ತಿಲ್ಲ, ಮಾನ ಹೋಗತೈತಂತ ಕರದ್ರೋ, ಹಸಿವಿ ಆಗಿ ಕರದ್ರೋ.”

ಡೇರೆ ಆ ವಾರವೇ ಎದ್ದು ಹೋಯಿತು. ಆಕೆ ಬಾಗಿಲು ತೆಗೆದಳೇ ಎಂದು ಅತ್ತೆ ಬಾವಿಕಟ್ಟೆಯಲ್ಲಿ ಕೇಳಿದರು. ಒಬ್ಬಳು ತೆಗೆದಳು ಅಂದಳು. ಇನ್ನೊಬ್ಬಳು ಬಾವಿಗೆ ಬಿದ್ದಳು ಅಂದಳು. ಮೂರನೆಯವಳು, ಗಂಡ ಸತ್ತೇ ಇರಲಿಲ್ಲ, ಕೊನೆಗೆ ಕುದುರೆ ಮೇಲೆ ಬಂದ ಅಂದಳು. ಆಕೆ ಬೇರೆ ಸಿನಿಮಾ ನೋಡಿರಬೇಕು. ಗದ್ದಲ ಹೆಚ್ಚಾದ ಮೇಲೆ ಕಂಪನಿಯವರು ಕೊನೆಯನ್ನೇ ಬದಲಿಸಿದರಂತೆ ಎಂಬ ಸುದ್ದಿಯೂ ಬಂತು. ನಮ್ಮ ಮಾವ, ಅಂದರೆ ಅತ್ತೆಯ ಗಂಡ, ಸೊಲ್ಲಾಪುರದಲ್ಲಿ ಅದನ್ನು ಎರಡು ಸಲ ನೋಡಿದ್ದರು. ಹೆಂಡತಿ ಕೇಳಿದರೆ, “ಮುಗೀತು, ಎಲ್ಲಾ ಸಿನಿಮಾ ಮುಗದಂಗ” ಎನ್ನುತ್ತಿದ್ದರಂತೆ. ನಲವತ್ತು ವರ್ಷ ಸಂಸಾರ ಮಾಡಿದರು, ಹೇಳಲಿಲ್ಲ.

ನನಗೆ ಒಂದು ಅಭ್ಯಾಸವಿದೆ. ಸಂಜೆ ದೀಪ ಹಚ್ಚಿದ ಮೇಲೆ ದೇವರ ಮುಂದೆ ಆ ದಿನದ ಒಳ್ಳೆಯದನ್ನು ಬೆರಳು ಮಡಚಿ ಹೇಳುತ್ತೇನೆ. ನಲ್ಲಿ ನೀರು ಹೇಳಿದ ಹೊತ್ತಿಗೆ ಬಂತು, ಯಜಮಾನರಿಗೆ ಬಸ್ಸಿನಲ್ಲಿ ಸೀಟು ಸಿಕ್ಕಿತು, ಹಾಲು ಒಡೆಯಲಿಲ್ಲ, ಇಂಥವು. ದೊಡ್ಡದನ್ನು ಕೇಳುವುದಿಲ್ಲ, ಬಂದ ಸಣ್ಣದನ್ನು ಮರೆಯುವುದಿಲ್ಲ. ಆ ಶನಿವಾರ ಮಾತ್ರ ಮೊದಲೇ ಕೇಳಿಕೊಂಡೆ: ನಾಳೆ ಎರಡರಿಂದ ಐದರವರೆಗೆ ಕರೆಂಟು ಹೋಗದಿರಲಿ.

ಭಾನುವಾರ ಯಜಮಾನರು ಮನೆಯಲ್ಲಿದ್ದರು. ಬೇಗಂ ಬಜಾರಿನಲ್ಲಿ ಅವರದು ಪಾತ್ರೆಯ ಸಗಟು ಅಂಗಡಿ, ಅಂದು ರಜೆ. ಅತ್ತೆ ಊಟ ಮುಗಿಸಿ ತಮ್ಮ ಮಣೆಯನ್ನು ಟೀವಿಗೆ ಬೆನ್ನಾಗುವಂತೆ ಹಾಕಿಕೊಂಡು ಹತ್ತಿಯ ಬುಟ್ಟಿ ಎದುರಿಗಿಟ್ಟುಕೊಂಡರು. ಕೇಳುವುದಕ್ಕೆ ರೇಡಿಯೋ ಕಾಲದಿಂದ ಅಪ್ಪಣೆ ಇತ್ತು. ಕಣ್ಣಿನ ಕೆಲಸ ನನ್ನದು.

ಶುರುವಾಗಿ ಎರಡು ನಿಮಿಷವಾಗಿತ್ತು.

“ಏ ತಂಗಿ, ಏಳು,” ಅಂದರು ಅತ್ತೆ. “ಜಗಲಿ ಪರದೆ ಎಳಿ.”

ಟೀವಿಯ ಎದುರುಗೋಡೆಗೆ ನಮ್ಮ ದೇವರ ಜಗಲಿ. ಅತ್ತೆ ಈಗ ಮುಖ ಮಾಡಿ ಕೂತದ್ದು ಅದರ ಕಡೆಗೇ. ದೇವರ ಫೋಟೋಗಳ ಗಾಜಿನಲ್ಲಿ ಸಿನಿಮಾ ಸಣ್ಣದಾಗಿ, ಎಡಬಲ ಅದಲುಬದಲಾಗಿ, ಆರು ಕಡೆ ನಡೆಯುತ್ತಿತ್ತು.

“ಅದೇನ ಅಷ್ಟ ಕಾಣತೈತವ್ವಾ,” ಅಂದರು ಯಜಮಾನರು. “ಕನ್ನಡಿಯೊಳಗಿಂದು ಲೆಕ್ಕಕ್ಕಿಲ್ಲ.”

“ನಿಮ್ಮಪ್ಪ ಇಂಥಾದ್ದ ಹೇಳತಿದ್ರು,” ಅಂದರು ಅತ್ತೆ. “ಪರದೆ ಎಳಿ.”

ಎಳೆದೆ. ದೇವರೂ ನೋಡಲಿಲ್ಲ, ಅತ್ತೆಯೂ ನೋಡಲಿಲ್ಲ.

ನನಗೆ ಕಥೆ ಹೇಳಲು ಬರುವುದಿಲ್ಲ ಎಂಬುದು ಅಂದೇ ತಿಳಿದದ್ದು. ಮಾತಿರುವ ಕಡೆ ತೊಂದರೆಯಿಲ್ಲ, ಅತ್ತೆ ಕೇಳಿಸಿಕೊಳ್ಳುತ್ತಿದ್ದರು. ಮಾತಿಲ್ಲದ ಕಡೆ ನನಗೆ ಮೊದಲು ಕಾಣುವುದು ಮನೆಯ ಸಾಮಾನು.

“ನೀರು ಸೇದಾಕತ್ತಾಳ್ರಿ. ಹಿತ್ತಾಳಿ ಕೊಡ, ಹೊಟ್ಟಿಗೆ ಒಂದು ನೆಗ್ಗೈತಿ. ಕುಪ್ಪಸದ ತೋಳು ಮೊಣಕೈ ತನಕ.”

“ಕೊಡ ಇರಲಿ. ಮಾರಿ ಹ್ಯಾಂಗೈತಿ ಹೇಳು.”

“ಸುಮ್ನೈತ್ರಿ.”

“ಸುಮ್ನಂದ್ರ?”

ನಾನು ಸ್ವಲ್ಪ ನೋಡಿದೆ. “ಹಾಲು ಉಕ್ಕೋಕ್ಕಿಂತ ಮೊದಲ ಇರತೈತಲ್ರಿ, ಹಂಗ.”

“ಹಾಂ,” ಅಂದರು ಅತ್ತೆ. “ಹಿಂಗ ಹೇಳು.”

ನಿಜ ಹೇಳಬೇಕೆಂದರೆ ನಾನು ಆ ಮುಖ ನೋಡುತ್ತ ಹೇಳುವುದನ್ನೇ ಎರಡು ಸಲ ಮರೆತೆ. ನರೆತ ತಲೆಯ ತಾಯಿಯನ್ನಷ್ಟೇ ಕಂಡಿದ್ದವಳು ನಾನು. ಈ ಹುಡುಗಿ ತಲೆಯ ಮೇಲೆ ಸೆರಗು ಹೊದ್ದು, ಒಂದು ಆಭರಣವಿಲ್ಲದೆ, ಕಂಬಕ್ಕೆ ಒರಗಿ ಹಾರ್ಮೋನಿಯಂ ಕೇಳುತ್ತಿದ್ದಳು. ಅಳಲಿಲ್ಲ, ನಗಲಿಲ್ಲ. ಮುಂದೆ ಮೂವತ್ತು ವರ್ಷ ಆಕೆಯನ್ನು ಬರೀ ಅಳಿಸಿದರಲ್ಲ, ಯಾಕೆ ಎಂದು ಯೋಚಿಸಿದೆ.

ಊರು ರೊಚ್ಚಿಗೆದ್ದ ದೃಶ್ಯ ಬಂತು. ರಿಪೇರಿಯವನಿಗೆ ಆಕೆ ನೀರಿನ ಲೋಟ ಕೊಡುತ್ತಾಳೆ. ಬೆರಳಿಗೆ ಬೆರಳು ತಾಗುತ್ತದೆ. ಕುಕ್ಕರಿನ ಒಂದು ಸೀಟಿಯಷ್ಟು ಹೊತ್ತು ಹಾಗೇ ಇರುತ್ತದೆ. ಆಮೇಲೆ ಅವನು ನೀರು ಕುಡಿಯುತ್ತಾನೆ.

“ಇಷ್ಟಕ್ಕ?” ಅಂದರು ಯಜಮಾನರು.

“ಆವಾಗ ಇಷ್ಟೂ ಇರಲಿಲ್ಲ,” ಅಂದರು ಅತ್ತೆ.

ಅದು ತಪ್ಪು ಅನ್ನಿಸಿತು ಎಂದು ಬರೆಯಲಾರೆ, ಅನ್ನಿಸಲಿಲ್ಲ ಎಂದೂ ಬರೆಯಲಾರೆ. ಲೋಟವನ್ನು ಕೆಳಗಿಟ್ಟು ಕೊಡಬಹುದಿತ್ತು.

ನಾಲ್ಕೂಕಾಲಿಗೆ ಆ ಮಧ್ಯಾಹ್ನ ಬಂತು. ಮನೆಯವರು ಮಲಗಿದ್ದಾರೆ. ಮಾತಿಲ್ಲ, ಹಾಡಿಲ್ಲ, ಎಲ್ಲೋ ಒಂದು ರಾಟೆಯ ಕಿರ್ ಎನ್ನುವ ಸದ್ದು ಮಾತ್ರ. ಅತ್ತೆಗೆ ಗೊತ್ತಾಯಿತು. ಬುಟ್ಟಿ ಪಕ್ಕಕ್ಕೆ ಸರಿಸಿದರು.

“ಈಗ ಹೇಳು.”

“ಪಡಸಾಲಿ ದಾಟಿದ್ಲು. ಬಾಗಲ ಹಂತ್ಯಾಕ ಬಂದ್ಲು. ಕೈ ಎತ್ತಿದ್ಲು. ಚಿಲಕದ ಮ್ಯಾಲೆ ಇಟ್ಟಳ್ರಿ ಅತ್ತಿ.”

ಜಾಹೀರಾತು ಬಂತು. ತಲೆಹೊಟ್ಟಿಗೆ ಒಂದು ಎಣ್ಣೆ.

ಯಜಮಾನರು ಎದ್ದು ಬಚ್ಚಲ ಕಡೆ ಹೋದರು. ಅತ್ತೆ ಕದಲಲಿಲ್ಲ.

“ಮತ್ತ ನಿಂತ್ಲು,” ಅಂದರು.

“ಐದು ನಿಮಿಷ ಅಷ್ಟರಿ.”

“ನನಗೇನವಸರ.” ಸ್ವಲ್ಪ ಹೊತ್ತು ಎಣ್ಣೆಯ ಗುಣಗಾನ ಕೇಳಿದರು. ಆಮೇಲೆ, “ಕಾಶ್ಯಾಗ ನಾ ಸಿನಿಮಾ ಯಾಕ ಬಿಟ್ಟೆ ಗೊತ್ತೇನು?”

“ನಿಮಗ ಸೇರಾಂಗಿಲ್ಲಂತ.”

“ಸೇರಲಾರದ್ದು ಬಿಟ್ಟವರು ನಿಮ್ಮ ಮಾವ. ಅಷ್ಟು ದೂರ ಹೋಗಿ ಗಂಗವ್ವಗ ಹಾಗಲಕಾಯಿ ಕೊಟ್ಟು ಬಂದ್ರು. ಇಬ್ಬರೂ ಹಂಗ ಮಾಡಿದ್ರ ಆಕಿ ಏನ್ ತಿಳಕೋಬೇಕು? ನನ್ನ ಹಂತ್ಯಾಕ ಭಾಳ ಬೇಕಾದ್ದು ಅಂತ ಅದೊಂದ ಇತ್ತು. ಅದರ ಕೊನಿ ಒಂದಿನ ನೋಡತೀನಿ ಅನ್ನೋದು. ಅದನ್ನ ಕೊಟ್ಟೆ.”

ಎಂಟು ವರ್ಷದ ಹಿಂದೆ ನಾನೂ ಕಾಶಿಗೆ ಹೋಗಿ ಬಂದಿದ್ದೇನೆ. ಸೀತಾಫಲ ಬಿಟ್ಟೆ. ಅದು ತಿಂದರೆ ನನಗೆ ನೆಗಡಿಯಾಗುತ್ತದೆ.

ಯಜಮಾನರು ಬಂದು ಕೂತರು. ಸಿನಿಮಾ ಬಂತು. ಬಾಗಿಲು, ಚಿಲಕ, ಅದರ ಮೇಲೆ ಬಳೆಯಿಲ್ಲದ ಆ ಕೈ.

“ಕೈ ಐತ್ರಿ. ಇನ್ನೂ ಐತಿ. ಬೆರಳು ಅಳ್ಳಾಡಿದ್ವು. ಚಿಲಕಾ ಎತ್ತಿದ್ಲು. ತಗದ್ಲು ಅತ್ತಿ. ಬಾಗಲಾ ತಗದ್ಲು. ಹೊರಗ ಬಿಸಲೈತಿ. ಹೊಂಟ್ಲು. ಹೊಸ್ತಿಲಾ ದಾಟಿದ್ಲು. ಹ್ವಾದ್ಲು.”

ಪರದೆಯ ಮೇಲೆ ಖಾಲಿ ಬಾಗಿಲು ಉಳಿಯಿತು. ಹೊಸ್ತಿಲ ಮೇಲೆ ಬಿಸಿಲು. ಅತ್ತೆ ಉಸಿರು ಬಿಟ್ಟದ್ದು ಕೇಳಿಸಿತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಒಮ್ಮೆಲೇ ಪರದೆ ಕಪ್ಪಾಗಿ, ತಂಬೂರಿ ಕೇಳಿಸಿ, ಭಜನೆ ಶುರುವಾಯಿತು. ಒಂದು ಗುಡಿಯ ಮಂಟಪ. ಆಕೆ ಕಣ್ಣು ಮುಚ್ಚಿ ಕೂತು ಹಾಡುತ್ತಿದ್ದಳು. ಮನೆಯ ಹಿರಿಯ ಪಕ್ಕದಲ್ಲಿ ನಿಂತು ತಲೆದೂಗುತ್ತಿದ್ದ. ಮಗಳು ದಾರಿ ತಪ್ಪಲಿಲ್ಲ, ದೇವರು ಕೈ ಹಿಡಿದ ಎಂದ.

“ಯಾರು ಹಾಡಾಕತ್ತಾರ?” ಅಂದರು ಅತ್ತೆ.

“ಆಕೀನರಿ.”

“ತಿರುಗಿ ಬಂದ್ಲು?”

ಬೆನ್ನು ಮಾತ್ರ ಕಾಣುತ್ತಿತ್ತು. ಅರವತ್ತು ವರ್ಷ ಕಾದ ಬೆನ್ನು ಹೇಗಿರುತ್ತದೆ ಎಂದರೆ, ಹಾಗೇ ಇತ್ತು, ನೆಟ್ಟಗೆ. ದಿನಾ ಎರಡು ಹೊತ್ತು ದೇವರಿಗೆ ಕೈ ಮುಗಿಯುವವಳು ನಾನು. ಕಥೆ ಭಜನೆಯಲ್ಲಿ ಮುಗಿದರೆ ನನಗೆ ಸಂತೋಷವಾಗಬೇಕು. ಆಗಲಿಲ್ಲ. ಬರಲಿಲ್ಲ ಎಂದು ಹೇಳೋಣವೆಂದರೆ ಹಾಡು ಅವರ ಕಿವಿಗೇ ಬೀಳುತ್ತಿದೆ. ಅಲ್ಲದೆ ಜಗಲಿಯ ಎದುರು, ಪರದೆ ಎಳೆದಿದ್ದರೂ, ಸುಳ್ಳು ಹೇಳುವುದು ಹೇಗೆ. ಟೀವಿಯನ್ನೇ ಸುಮ್ಮನೆ ನೋಡಿದೆ. ಸುಮ್ಮನೆ ನೋಡಿದರೆ ನನಗೆ ಕಾಣುವುದು ಸಾಮಾನು.

“ಕುಪ್ಪಸ ಬ್ಯಾರೆ ಐತ್ರಿ,” ಅಂದೆ.

“ಏನು?”

“ಇಷ್ಟೊತ್ತನಕ ತೋಳು ಮೊಣಕೈ ಮಟ ಇತ್ತು. ಈಗ ಗಿಡ್ಡ ಐತಿ, ಬುಗ್ಗಿ ಹಂಗ ಉಬ್ಬಿಸ್ಯಾರ. ಮಾರೀನೂ ತುಂಬೈತಿ. ಈಕಿ ಆಕೀನ, ಆದ್ರ ಅಂದಿನಾಕಿ ಅಲ್ಲ. ವರ್ಷದ ಮ್ಯಾಗಿನಾಕಿ.”

ಯಜಮಾನರು ಒರಗಿದ್ದವರು ಎದ್ದು ಕೂತು, ಟೀವಿಯ ಹತ್ತಿರ ಹೋಗಿ ಬಗ್ಗಿದರು. ಆಕೆಯ ಮುಂದೆ ಪೂಜೆಯ ತಂಬಿಗೆ ಇತ್ತು.

“ಅವ್ವಾ, ಇದು ಸ್ಟೀಲ್,” ಅಂದರು.

“ಅದರಾಗ ಏನೈತಿ?”

“ಇದರ ಕಂಠ ನೋಡಬೇಕು. ಮಷೀನಿನ್ಯಾಗ ಮಡಚಿದ್ದು. ಆ ಮನ್ಯಾಗ ಇಷ್ಟೊತ್ತೂ ಒಂದ ಸ್ಟೀಲ್ ಸಾಮಾನ ಇರಲಿಲ್ಲ. ಎಲ್ಲಾ ಹಿತ್ತಾಳಿ, ತಾಮ್ರ, ಬಡದು ಮಾಡಿದ್ದು. ಇದು ಆಮ್ಯಾಲೆ ಮತ್ತೆಲ್ಲೋ ತಗದು ಅಂಟಿಸ್ಯಾರ.”

“ತಂಬಿಗಿ ನೋಡಿ ಹೇಳತಿ?”

“ಮೂವತ್ತೈದು ವರ್ಷ ಅದನ್ನ ಮಾರೀನವ್ವಾ.”

ಭಜನೆ ಮುಗಿದು ಶುಭಂ ಬಂತು. ನಾನು ಟೀವಿ ಆರಿಸಿದೆ. ಅತ್ತೆ ತಿರುಗಿ ಕೂತರು. ಕಣ್ಣು ನನ್ನ ಮೇಲಿತ್ತು.

“ನೀ ಹೇಳು. ನಿನ್ನ ಕಣ್ಣಿಲೆ ನೋಡಿದ್ದು ಹೇಳು.”

ನಾನು ದೇವರನ್ನು ನೆನೆದು ಹೇಳಿದೆ. “ಆಕಿ ಬಾಗಲಾ ತಗದು ಹ್ವಾದ್ಲು ಅತ್ತಿ. ತಿರುಗಿ ಬಂದದ್ದು ನಾ ನೋಡಲಿಲ್ಲ. ಭಜನಿ ಮಾಡಿದಾಕಿ ಬ್ಯಾರೆ ಮನಿ ತಂಬಿಗಿ ಇಟಗೊಂಡು ಕುಂತಿದ್ಲು.”

ಅತ್ತೆ ತಲೆಯಾಡಿಸಿದರು. ಹತ್ತಿಯ ಬುಟ್ಟಿ ಎಳೆದುಕೊಂಡರು. ಒಂದು ಬತ್ತಿ ಹೊಸೆದು ಮುಗಿಸಿದರು.

“ಕಾಲಾಗ ಏನಿತ್ತು?”

“ಯಾರ ಕಾಲಾಗ್ರಿ?”

“ಹೊಂಟಾಕಿ ಕಾಲಾಗ.”

ನೆನಪು ಮಾಡಿಕೊಂಡೆ. ಹೊಸ್ತಿಲು ದಾಟುವಾಗ ಹಿಮ್ಮಡಿ ಕಂಡಿತ್ತು. “ಏನೂ ಇರಲಿಲ್ರಿ. ಬರಿಗಾಲಿದ್ವು.”

“ಬಿಸಲಾಗ?”

“ಬಿಸಲಾಗ.”

“ಹೂಂ,” ಅಂದರು. “ಸುಡತೈತಿ. ಆದ್ರ ಅಷ್ಟೇನಿಲ್ಲ. ಊರ ದಾಟೋತನಕ ಅಷ್ಟ.”

ಆಮೇಲೆ ಚಹಾ ಕೇಳಿದರು. ಸಕ್ಕರೆ ಒಂದು ಚಮಚ ಹೆಚ್ಚು ಹಾಕು ಅಂದರು. ಹಾಕಿದೆ.

ಸಂಜೆ ಜಗಲಿಯ ಪರದೆ ಸರಿಸಿ ದೀಪ ಹಚ್ಚಿದೆ. ಅಂದು ಹೊಸೆದ ಬತ್ತಿಯನ್ನೇ ಹಾಕಿದೆ. ಬೆರಳು ಮಡಚುತ್ತ ಬಂದೆ: ಕರೆಂಟು ಹೋಗಲಿಲ್ಲ. ಎಣ್ಣೆಯ ಜಾಹೀರಾತು ಬೇಗ ಮುಗಿಯಿತು. ಕುಪ್ಪಸ ಹೊಲಿದವನು ತಪ್ಪಿದ. ತಂಬಿಗೆ ಇಟ್ಟವನೂ ತಪ್ಪಿದ. ಐದನೆಯ ಬೆರಳಿಗೆ ಏನು ಹೇಳಬೇಕೆಂದು ತಿಳಿಯದೆ, ಸೀತಾಫಲದ ವಿಷಯ ಗಂಗಾತಾಯಿಗೆ ತಪ್ಪೊಪ್ಪಿಕೊಂಡೆ. ಇನ್ನೊಮ್ಮೆ ಕಾಶಿಗೆ ಹೋಗುವ ಯೋಗ ಬಂದರೆ ಬೇರೆ ಏನಾದರೂ ನೋಡುತ್ತೇನೆ. ಚಹಾ ಬಿಡಬೇಕಾಗಬಹುದು. ಅದಕ್ಕೇ ಹೋಗುವ ಅವಸರ ಮಾಡಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯ ನಾದಿನಿ ವಿಜಯಪುರದಿಂದ ಫೋನು ಮಾಡಿದರು. ಅಂದು ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಡೇರೆಯಿಂದ ಎದ್ದು ಬಂದಿದ್ದ ನಾದಿನಿಯೇ. ಈಗ ಎಪ್ಪತ್ತಾರು ವರ್ಷ. ಕಿವಿ ಮಂದ, ಹಾಗಾಗಿ ಕಿರುಚಿ ಮಾತಾಡುತ್ತಾರೆ. ಫೋನು ಅತ್ತೆಯ ಕಿವಿಯಲ್ಲಿದ್ದರೂ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು.

“ವೈನೀ, ನೋಡಿದಿಲ್ಲೋ ನಿನ್ನೆ? ಕಡೀಕ ಆಕಿ ಎಲ್ಲೂ ಹೋಗಲಿಲ್ಲ ನೋಡು. ಗುಡ್ಯಾಗ ಭಜನಿ ಮಾಡಕೊಂತ ಕುಂತ್ಲು. ಇದಕ್ಕ ಅಷ್ಟು ವರ್ಷ ಒದ್ದಾಡಿದೆವು.”

ಅತ್ತೆ ಪೂರ್ತಿ ಕೇಳಿಸಿಕೊಂಡರು.

“ನೀ ಕಣ್ಣಿಲೆ ನೋಡೀದಿ,” ಅಂದರು. “ಹಿಂಗಾಗಿ ನಿನಗ ಹಂಗ ಕಂಡೈತಿ. ನಾ ಕೇಳೀನಿ.”